ಪೆಟ್ಟಿಗೆಯ ಚೆಲುವು

ಎಳೆಯ ಮಗುವಿನ ಕೈಗೆ ಬಳಪವನ್ನಿತ್ತು ಒಂದು ಕಾರನ್ನು ಬರೆಯೆಂದು ಹೇಳಿ ನೋಡಿರಿ. ಅದು ಮೊದಲು ಒಂದು ಪೆಟ್ಟಿಗೆಯನ್ನು ಬರೆಯುತ್ತದೆ. ಕೆಳಗೆ ಎರಡು ಸೊನ್ನೆ, ಮೇಲೆ ಕಿಟಕಿ, ಕಿಟಕಿಯೊಳಗೆ ನಗುವ ಮುಖಗಳು. ಗಾಳಿಯನ್ನು ಸೀಳುವ ಮೊನಚು ಮೂಗಾಗಲಿ ಇಳಿಜಾರಾದ ಬೆನ್ನಾಗಲಿ ಅದರ ಕಲ್ಪನೆಗೆ ಬಾರದು. ದೊಡ್ಡವರಾದ ಮೇಲೆ ನಾವು ಬಳುಕುವ ರೇಖೆಗಳಿಗೆ ಮರುಳಾಗುತ್ತೇವೆ. ಆದರೂ ಬೀದಿಯಲ್ಲಿ ಚೌಕಾಕಾರದ ಪುಟ್ಟ ಕಾರೊಂದು ಎದುರಾದರೆ ಮುಖದ ಮೇಲೆ ತಾನಾಗಿಯೇ ಒಂದು ನಗೆ ಸುಳಿಯುವುದುಂಟು. ಆ ನಗೆಯ ಮೂಲವೇನೆಂದು ಕೆಲವು ದಿನಗಳಿಂದ ಯೋಚಿಸುತ್ತಿದ್ದೇನೆ. ಇದು ಬರಿಯ ಸೌಂದರ್ಯಮೀಮಾಂಸೆಯಲ್ಲ. ಮನೆಯಲ್ಲಿ ಕಾರು ಕೊಳ್ಳುವ ಮಾತು ನಡೆದಿದೆ. ನನ್ನ ಮನಸ್ಸೋ, ಮತ್ತೊಬ್ಬರು ಬಳಸಿದ್ದಾದರೂ ಸರಿ, ಇಗ್ನಿಸ್ ಎಂಬ ಕಾರಿನ ಮೇಲೆ ನಿಂತಿದೆ.

ಸುಜುಕಿ ಸಂಸ್ಥೆಯ ಈ ಕಾರು ೨೦೧೬ರಲ್ಲಿ ಜಪಾನಿನಲ್ಲಿಯೂ ೨೦೧೭ರ ಜನವರಿಯಲ್ಲಿ ನಮ್ಮ ದೇಶದಲ್ಲಿಯೂ ಮಾರಾಟಕ್ಕೆ ಬಂದಿತು. ಕನ್ನಡ ಮೇಷ್ಟರು ಮೊದಲು ಹೆಸರಿಗೆ ಸೋಲುವುದು ಸಹಜವಷ್ಟೆ. ಲ್ಯಾಟಿನ್ ಭಾಷೆಯಲ್ಲಿ ಇಗ್ನಿಸ್ ಎಂದರೆ ಬೆಂಕಿ. ನಮ್ಮ ಅಗ್ನಿಗೆ ಅದು ಒಡಹುಟ್ಟಿದ ಶಬ್ದ. ಹೆಸರು ಅಗ್ನಿಯಾದರೂ ಮುಖ ಮಾತ್ರ ಸೌಮ್ಯವಾದುದು. ಹಿಂಬದಿಯ ಕಂಬದ ಮೇಲೆ ಮೂರು ಓರೆಗೀರುಗಳಿವೆ. ೧೯೭೧ರಲ್ಲಿ ಅದೇ ಸಂಸ್ಥೆ ಹೊರತಂದ ಫ್ರಾಂಟೆ ಕೂಪೆ ಎಂಬ ಕಿರುಗಾರಿನ ಸ್ಮರಣೆಯದು. ಪೇಟೆಯ ಕಾರಿನ ಒಡಲು, ಜೀಪಿನ ನಿಲುವು: ಈ ಬೆರಕೆಗೆ ವ್ಯಾಪಾರಿಗಳು ಕ್ರಾಸ್‌ಓವರ್ ಎಂದು ಹೆಸರಿಟ್ಟಿದ್ದಾರೆ. ಗದ್ಯಪದ್ಯಗಳನ್ನು ಬೆರೆಸಿ ಚಂಪುವನ್ನು ಕಟ್ಟಿದವರ ನಾಡಿನಲ್ಲಿ ಇದಕ್ಕೆ ಯಾರೂ ಬೆರಗಾಗಬೇಕಿಲ್ಲ.

ಇಂಥ ಕಾರು ಪೆಟ್ಟಿಗೆಯ ಆಕಾರವನ್ನು ತಾಳಿದುದೇಕೆ? ಮಿತಿಯೇ ಇದಕ್ಕೆ ಕಾರಣವೆಂದು ತೋರುತ್ತದೆ. ಜಪಾನಿನಲ್ಲಿ ತೆರಿಗೆಯ ರಿಯಾಯಿತಿಯುಳ್ಳ 'ಕೇ' ವರ್ಗದ ಕಾರು ಇಂದಿನ ನಿಯಮದಂತೆ ೩.೪ ಮೀಟರ್ ಉದ್ದವನ್ನೂ ೧.೪೮ ಮೀಟರ್ ಅಗಲವನ್ನೂ ಮೀರಕೂಡದು. ಎತ್ತರಕ್ಕೆ ಮಾತ್ರ ೨ ಮೀಟರಿನವರೆಗೆ ಸಲುಗೆಯುಂಟು. ಇಂಥದೇ ಮಿತಿಯೊಳಗೆ ಸುಜುಕಿಯವರು ೧೯೯೩ರಲ್ಲಿ ವ್ಯಾಗನ್ ಆರ್ ಕಾರನ್ನು ಮೇಲ್ಮುಖವಾಗಿ ಬೆಳೆಸಿದರು. ೧೯೯೯ರಲ್ಲಿ ಅದು ನಮ್ಮಲ್ಲಿಗೂ ಬಂದಿತು. ನಮ್ಮ ಸರಕಾರವೂ ೨೦೦೬ರ ಮುಂಗಡಪತ್ರದಲ್ಲಿ, ೪ ಮೀಟರಿಗೆ ಮೀರದ ಸಣ್ಣ ಎಂಜಿನ್ನಿನ ಕಾರುಗಳ ಮೇಲಣ ಸುಂಕವನ್ನು ಶೇಕಡಾ ೨೪ರಿಂದ ೧೬ಕ್ಕೆ ಇಳಿಸಿತು. ಉದ್ದ ಹೀಗೆ ನಿಗದಿಯಾದ ಮೇಲೆ ಜಾಣನಾದವನು ಮೂಲೆಗಳನ್ನು ಸವರಿ ಹಾಕದೆ ಉಳಿಸಿಕೊಳ್ಳುತ್ತಾನೆ. ಕಂದಪದ್ಯದ ೬೪ ಮಾತ್ರೆಗಳಲ್ಲಿ ಒಂದನ್ನೂ ಪೋಲುಮಾಡದ ಕವಿಯನ್ನು ನಾವು ಮೆಚ್ಚುವುದಿಲ್ಲವೆ? ಪೆಟ್ಟಿಗೆಯ ಕಾರನ್ನು ಕಂಡಾಗಿನ ಸಂತೋಷವೂ ಅದೇ ಜಾತಿಯದು.

ಇಗ್ನಿಸ್ ಕಾರಿನ ಉದ್ದ ೩.೭ ಮೀಟರ್, ಎತ್ತರ ಸುಮಾರು ೧.೬ ಮೀಟರ್, ನೆಲಕ್ಕೂ ಒಡಲಿಗೂ ನಡುವೆ ೧೮೦ ಮಿಲಿಮೀಟರ್ ತೆರಪು. ಈ ಅಂಕಿಗಳ ಅರ್ಥವನ್ನು ನಾನು ತಿಳಿದದ್ದು ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಅಮ್ಮನನ್ನು ನಂಜನಗೂಡಿಗೆ ಕರೆದೊಯ್ದ ದಿನ. ಮೊಣಕಾಲಿನ ನೋವುಳ್ಳ ಅವರಿಗೆ ತಗ್ಗಾದ ಕಾರಿನೊಳಕ್ಕೆ ಇಳಿಯುವುದೂ ಅದರಿಂದ ಏಳುವುದೂ ಒಂದು ಶಿಕ್ಷೆ. ಇಲ್ಲಿಯಾದರೋ ಇಳಿಯಬೇಕಿಲ್ಲ, ಹತ್ತಬೇಕಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದು ಕುಳಿತರಾಯಿತು. "ಕುರ್ಚಿ ಮೇಲೆ ಕೂತ ಹಾಗಿದೆ ಕಣಪ್ಪ" ಎಂದರು ಅಮ್ಮ. ಯಾವ ಜಾಹೀರಾತೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಗುಣವನ್ನು ಹೇಳಿದವನು ದೋಷವನ್ನೂ ಹೇಳಬೇಕು. ಚೌಕಾಕಾರಕ್ಕೆ ಗಾಳಿಯ ತಡೆ ಹೆಚ್ಚು. ಹೆದ್ದಾರಿಯ ವೇಗದಲ್ಲಿ ಅದರ ಬೆಲೆಯನ್ನು ಪೆಟ್ರೋಲಿನಲ್ಲಿ ತೆರಬೇಕು. ಜೀಪಿನ ನಿಲುವಿದ್ದರೂ ನಮ್ಮಲ್ಲಿ ಮಾರಾಟವಾದ ಇಗ್ನಿಸ್ ಕಾರಿನಲ್ಲಿ ಎಂಜಿನ್ನಿನ ಬಲ ತಲುಪುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಇವೆರಡನ್ನೂ ಮನ್ನಿಸಬಹುದು, ಮೂರನೆಯದು ಗುರುತರವಾದುದು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ೨೦೨೨ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಪಘಾತಪರೀಕ್ಷೆಯಲ್ಲಿ ಭಾರತದ ಇಗ್ನಿಸ್ ವಯಸ್ಕರ ರಕ್ಷಣೆಗೆ ಪಡೆದುದು ೫ರಲ್ಲಿ ೧ ನಕ್ಷತ್ರ. ಮಕ್ಕಳ ರಕ್ಷಣೆಗೆ ಸೊನ್ನೆ. ೨೦೧೬ರಲ್ಲಿ ಯೂರೋಪಿನ ಪರೀಕ್ಷೆಗೆ ಒಳಗಾದ ಇದೇ ಹೆಸರಿನ ಕಾರು ೩ ನಕ್ಷತ್ರಗಳನ್ನೂ, ಹೆಚ್ಚಿನ ರಕ್ಷಣಾ ಸಲಕರಣೆಗಳೊಡನೆ ೫ ನಕ್ಷತ್ರಗಳನ್ನೂ ಗಳಿಸಿತ್ತು. ಎರಡು ಪರೀಕ್ಷೆಗಳ ಅಳತೆಗೋಲು ಒಂದೇ ಅಲ್ಲ, ನಿಜ. ಆದರೂ ಪೆಟ್ಟಿಗೆಯ ಆಕಾರವೇ ಅಪರಾಧಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪೆಟ್ಟಿಗೆಯನ್ನು ಎಷ್ಟು ಗಟ್ಟಿಯಾಗಿ ಕಟ್ಟಿದರು, ಒಳಗೆ ಏನನ್ನಿಟ್ಟರು ಎಂಬುದೇ ಮುಖ್ಯ.

ಅಮ್ಮನ ಮೊಣಕಾಲು ಈ ಕಾರನ್ನು ಒಪ್ಪಿದೆ. ನನ್ನ ಕಣ್ಣೂ ಒಪ್ಪಿದೆ. ಹಿಂದಿನ ಸೀಟಿನಲ್ಲಿ ಕೂರಲಿರುವ ಎಂಟು ವರ್ಷದ ಮಗಳ ಪರವಾಗಿ ಒಪ್ಪುವ ಧೈರ್ಯ ಮಾತ್ರ ನನಗಿಲ್ಲ. ಆದ್ದರಿಂದ ಇಷ್ಟೇ ನೇರವಾಗಿ ಕೂರಿಸುವ, ಇಷ್ಟೇ ನಗಿಸುವ, ಆದರೆ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಪೆಟ್ಟಿಗೆಯನ್ನು ಹುಡುಕುತ್ತಿದ್ದೇನೆ. ಅದು ದೊರೆಯುವ ತನಕ ನಗರ ಸಾರಿಗೆಯ ಬಸ್ಸು ಇದ್ದೇ ಇದೆ. ವಿಚಾರಮಾಡಿದರೆ ಅದೂ ಒಂದು ಪೆಟ್ಟಿಗೆಯೇ.