ಬ್ರೌಸರ್ ಬದಲಾದರೂ ಒತ್ತಕ್ಷರ ಉಳಿಯಬೇಕಾದರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಬಸದಿಗಳ ಮಾಹಿತಿಗೆ ಒಂದು ವೆಬ್ ಪುಟ ಮಾಡಿ, ಮೂರು ಹೆಸರುಗಳನ್ನು ಮೂರು ಚೌಕಗಳಲ್ಲಿ ಹಾಕಿದರೆಂದು ಇಟ್ಟುಕೊಳ್ಳಿ. ಮೂಡುಬಿದಿರೆಗೆ ಏನೂ ಆಗುವುದಿಲ್ಲ. ಆ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲ. ಆದರೆ ಚೌಕದ ಎತ್ತರ ಸಾಲದಿದ್ದರೆ ಬಂಟ್ವಾಳ ‘ಬಂಟಾಳ’ವಾಗುತ್ತದೆ, ಬೆಳ್ತಂಗಡಿ ‘ಬೆಳಂಗಡಿ’ಯಾಗುತ್ತದೆ. ಧರ್ಮಸ್ಥಳದ ಅರ್ಕಾವತ್ತು ಪಕ್ಕದಲ್ಲಿರುವುದರಿಂದ ಉಳಿಯುತ್ತದೆ, ಥಕಾರದ ಒತ್ತು ಹೋಗುತ್ತದೆ. ಪೂಜೆಯ ಆಮಂತ್ರಣದಲ್ಲೋ ಮನೆತನದ ಹೆಸರಿನಲ್ಲೋ ಹೀಗಾದರೆ ಬೈಗುಳ ಟೈಪ್ ಮಾಡಿದವರಿಗೆ! ಅವರು ಬರೆದದ್ದು ಸರಿಯಾಗಿಯೇ ಇರುತ್ತದೆ.

ಇದಕ್ಕೆ ಕಾರಣ, ಪುಟ ತನಗೆ ಬೇಕಾದ ಅಕ್ಷರವನ್ನು ಹೇಳದಿದ್ದರೆ ಪ್ರತಿ ಯಂತ್ರವೂ ತನ್ನಲ್ಲಿರುವುದನ್ನೇ ಬಳಸುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ, ವಿಂಡೋಸ್ 8ರಿಂದ ನಿರ್ಮಲಾ, ಆ್ಯಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಹಳೆಯ ಆ್ಯಪಲ್ ಸಾಧನಗಳಲ್ಲಿ ಕನ್ನಡ ಸಂಗಮ್. ಎಲ್ಲದಕ್ಕೂ 16 ಪಿಕ್ಸೆಲ್ ಎಂದೇ ಹೇಳಿದರೂ ಎತ್ತರ ಒಂದೇ ಅಲ್ಲ. ಅಂಗಡಿಗೊಂದು ಸೇರು ಇದ್ದ ಹಾಗೆ. ಇದಲ್ಲದೆ ಶೀರ್ಷಿಕೆಯ ಗಾತ್ರ, ಅಂಚಿನ ಜಾಗ, ಗುಂಡಿಗಳ ರೂಪಕ್ಕೂ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳು ತಮ್ಮದೇ ನಿಯಮ ಇಟ್ಟುಕೊಂಡಿವೆ. ಅವನ್ನು ಸಮ ಮಾಡಲು ನಾರ್ಮಲೈಸ್ ಎಂಬ ಉಚಿತ ಶೈಲಿ ಕಡತವನ್ನು ಮೊದಲಿಗೆ ಸೇರಿಸಿದರೆ ಸಾಕು.

ಅಕ್ಷರದ ವಿಷಯ ಅಷ್ಟು ಸುಲಭವಲ್ಲ. ನೋಟೊದಂತಹ ಉಚಿತ ಯೂನಿಕೋಡ್ ಫಾಂಟನ್ನು ಪುಟದ ಜೊತೆಗೇ ಕಳುಹಿಸಬೇಕು. ದಪ್ಪ ಅಕ್ಷರದ ಕಡತವನ್ನೂ ಸೇರಿಸಬೇಕು. ಇಲ್ಲವಾದರೆ ಬ್ರೌಸರ್ ತಾನೇ ಬಳಿದು ದಪ್ಪ ಮಾಡುತ್ತದೆ, ಥಕಾರದೊಳಗಿನ ಚುಕ್ಕೆ ಮುಚ್ಚಿಹೋಗಬಹುದು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನಗಳಿಗೆ ಇದರಿಂದ ಪ್ರಯೋಜನವಿಲ್ಲ, ಅವನ್ನು ಮೊದಲು ಯೂನಿಕೋಡಿಗೆ ಬದಲಾಯಿಸಲೇಬೇಕು.

ನಂತರ ಸಾಲಿನ ಎತ್ತರ. ಇಂಗ್ಲಿಷಿಗಾಗಿ ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಇದು 1.2ರಷ್ಟು ಇರುವುದುಂಟು. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರುವುದಿಲ್ಲವಲ್ಲ! ಕನ್ನಡಕ್ಕೆ 1.6ರಿಂದ 1.8 ಬೇಕು. ಪಿಕ್ಸೆಲ್‌ನಲ್ಲಿ ಹೇಳದೆ ಬರೀ ಅಂಕಿಯಲ್ಲಿ ಹೇಳಿದರೆ ಅಕ್ಷರದ ಗಾತ್ರದೊಂದಿಗೆ ಅದೂ ಬೆಳೆಯುತ್ತದೆ. ನಿಜವಾಗಿ ಒತ್ತನ್ನು ಕತ್ತರಿಸುವುದು, ಚೌಕದ ಎತ್ತರವನ್ನು 30 ಪಿಕ್ಸೆಲ್ ಎಂದು ಕಟ್ಟಿಹಾಕಿ, ಮಿಕ್ಕಿದ್ದನ್ನು ಮರೆಮಾಡು ಎಂದು ಬರೆದಿರುವ ಸಾಲು. ಅದನ್ನು ತೆಗೆದು ‘ಕನಿಷ್ಠ ಎತ್ತರ’ ಎಂದು ಬದಲಾಯಿಸಬೇಕು.

ಪರೀಕ್ಷೆಗೆ ಈ ಊರುಗಳ ಹೆಸರೇ ಸಾಕು. ಐಫೋನಿನಲ್ಲಿ ಕ್ರೋಮ್ ಹಾಕಿ ನೋಡಿದರೆ ಎರಡನೆಯ ಪರೀಕ್ಷೆ ಆದಂತಲ್ಲ. ನಮ್ಮಲ್ಲಿ ಅದರ ಒಳಗಿನ ಯಂತ್ರ ಸಫಾರಿಯದ್ದೇ. ಒಂದು ವಿಂಡೋಸ್ ಕಂಪ್ಯೂಟರ್, ಒಂದು ಐಫೋನ್, ಮತ್ತೆ ಮನೆಯ ಹಿರಿಯರು ಅಕ್ಷರ ದೊಡ್ಡದು ಮಾಡಿ ಇಟ್ಟುಕೊಂಡಿರುವ ಹಳೆಯ ಆ್ಯಂಡ್ರಾಯ್ಡ್ ಮೊಬೈಲ್ – ಈ ಮೂರರಲ್ಲೂ ಬೆಳ್ತಂಗಡಿ ಬೆಳ್ತಂಗಡಿಯಾಗಿಯೇ ಕಂಡರೆ ಪುಟವನ್ನು ಪ್ರಕಟಿಸಬಹುದು.