ಮಳೆನಾಡಿನ ಮನೆಗಳಲ್ಲಿ ವೀಡಿಯೊ ಕ್ಯಾಸೆಟ್ಟುಗಳ ರಕ್ಷಣೆ

ವಿರಾಜಪೇಟೆಯ ಸಮೀಪದ ಬಿಟ್ಟಂಗಾಲದಂತಹ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆಗಳು ಬೂಷ್ಟು ಹಿಡಿಯುವುದನ್ನು ಅರಿಯದವರಿಲ್ಲ. ಮದುವೆ, ಗೃಹಪ್ರವೇಶಗಳ ವೀಡಿಯೊ ಕ್ಯಾಸೆಟ್ಟಿನೊಳಗೂ ಅದೇ ಬೂಷ್ಟು ಬೆಳೆಯುತ್ತದೆ. ಅದರಲ್ಲಿರುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಕಣಗಳ ಲೇಪ. ತೇವದಿಂದ ಅಂಟು ಸಡಿಲವಾದರೆ ಲೇಪದೊಡನೆ ಚಿತ್ರವೂ ಉದುರಿಹೋಗುತ್ತದೆ.

1976ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳ ತಯಾರಿಕೆಯನ್ನು ಅಲ್ಲಿನ ಫುನಾಯ್ ಸಂಸ್ಥೆಯೂ 2016ರ ಜುಲೈನಲ್ಲಿ ನಿಲ್ಲಿಸಿತು. ಆದುದರಿಂದ ಸುಸ್ಥಿತಿಯ ಯಂತ್ರ ದೊರೆಯುವಾಗಲೇ ಡಿಸ್ಕಿಗೆ ಪ್ರತಿ ಮಾಡಿಸುವುದು ಲೇಸು. ಬಿಳಿಯ ಬೂಷ್ಟು ಕಂಡ ಕ್ಯಾಸೆಟ್ಟನ್ನು ಹಾಗೆಯೇ ಓಡಿಸಲಾಗದು. ಯಂತ್ರ ಕೆಡುವುದಲ್ಲದೆ ಮುಂದಿನ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಮೊದಲು ತಿಳಿದವರಿಂದ ಶುಚಿ ಮಾಡಿಸಬೇಕು. 4.7 ಗಿಗಾಬೈಟಿನ ಡಿ.ವಿ.ಡಿ.ಯಲ್ಲಿ ಸುಮಾರು 2 ಗಂಟೆಯ ದೃಶ್ಯ ಹಿಡಿಯುತ್ತದೆ.

ಡಿಸ್ಕೂ ಶಾಶ್ವತವಲ್ಲ. ಓಲೆಗರಿ ಶಿಥಿಲವಾಗುವ ಮುನ್ನವೇ ಮತ್ತೊಂದು ಪ್ರತಿ ಬರೆಸುತ್ತಿದ್ದ ಹಿರಿಯರ ಕ್ರಮವೇ ಇಲ್ಲಿಯೂ ದಾರಿ. ಎರಡು ಪ್ರತಿ ಮಾಡಿಸಿ, ಒಂದನ್ನು ಬೇರೆ ಊರಿನ ಬಂಧುಗಳಲ್ಲಿರಿಸಿರಿ. ಮೂಲ ಕ್ಯಾಸೆಟ್ಟನ್ನು ಎಸೆಯದಿರಿ. ಮನೆಯ ಹಿರಿಯರನ್ನು ಕೂಡಿಸಿಕೊಂಡು ನೋಡಿ, ಅದರಲ್ಲಿ ಕಾಣುವವರ ಹೆಸರು, ಸಂಬಂಧಗಳನ್ನು ಬರೆದಿಡಿರಿ. ಚಿತ್ರ ಉಳಿದರೂ ಮುಖ ಗುರುತಿಸುವವರಿಲ್ಲದಿದ್ದರೆ ಉಳಿದುದೇನು?