ಮುದ್ದೆಯ ಶಕ್ತಿ, ಕರೆಂಟಿನ ಶಕ್ತಿ: ಎರಡೂ ಒಂದೇನಾ?

ಶಕ್ತಿಯ ರೂಪಗಳು ಯಾವುವು ಎಂದು ನಾಲ್ಕನೇ ತರಗತಿಯ ಯಾವ ಮಗುವನ್ನಾದರೂ ಕೇಳಿ ನೋಡಿ. ಉಷ್ಣ, ಬೆಳಕು, ಶಬ್ದ, ವಿದ್ಯುತ್, ರಾಸಾಯನಿಕ, ಯಾಂತ್ರಿಕ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತದೆ. ಪಟ್ಟಿ ಸರಿಯಾಗಿಯೇ ಇರುತ್ತದೆ. "ಹಾಗಾದರೆ ರಾತ್ರಿ ತಿಂದ ಮುದ್ದೆಯಲ್ಲಿ ಯಾವ ಶಕ್ತಿ ಇತ್ತು?" ಎಂದರೆ ಮಾತ್ರ ಅಮ್ಮನ ಮುಖ ನೋಡುತ್ತದೆ. ಪಟ್ಟಿ ಬಾಯಿಗೆ ಬಂದರೆ ಪರೀಕ್ಷೆ ಪಾಸಾಗುತ್ತದೆ, ವಿಷಯ ತಲೆಗೆ ಹೋಗುವುದಿಲ್ಲ. ಆದ್ದರಿಂದ ಮಕ್ಕಳೇ, ಇವತ್ತು ಪಟ್ಟಿ ಪಕ್ಕಕ್ಕಿಡೋಣ. ನಮ್ಮ ಲೊಕ್ಕನಹಳ್ಳಿಯ ಸುತ್ತಮುತ್ತ ಕಣ್ಣಿಗೆ ಬೀಳುವುದನ್ನೇ ಒಂದೊಂದಾಗಿ ನೋಡುತ್ತಾ ಹೋಗೋಣ. ಅಪ್ಪ ಅಮ್ಮನೂ ಜೊತೆಗೆ ಓದಬಹುದು, ಯಾಕೆಂದರೆ ಮುಂದೆ ಕರೆಂಟ್ ಬಿಲ್ಲಿನ ಮಾತೂ ಬರುತ್ತದೆ.

ಶಕ್ತಿ ಎಂದರೇನು? ಕೆಲಸ ಮಾಡಿಸುವ ಸಾಮರ್ಥ್ಯ. ಒಂದು ವಸ್ತುವನ್ನು ಎತ್ತಬೇಕು, ತಳ್ಳಬೇಕು, ಬಿಸಿ ಮಾಡಬೇಕು, ಬೆಳಗಬೇಕು ಎಂದರೆ ಶಕ್ತಿ ಬೇಕು. ಅದನ್ನು ಹೊಸದಾಗಿ ಹುಟ್ಟಿಸಲು ಆಗುವುದಿಲ್ಲ. ಇದ್ದದ್ದನ್ನು ಇಲ್ಲವಾಗಿಸಲೂ ಆಗುವುದಿಲ್ಲ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸಬಹುದು, ಅಷ್ಟೆ. ಈ ಒಂದು ಮಾತು ಹಿಡಿದುಕೊಂಡರೆ ಉಳಿದದ್ದೆಲ್ಲ ಸಲೀಸು.

ಮೊದಲು ಊರಿನ ನೀರಿನ ಟ್ಯಾಂಕು ನೋಡಿ. ಬೋರ್‌ವೆಲ್ ಮೋಟಾರು ನೆಲದೊಳಗಿನ ನೀರನ್ನು ಮೇಲಕ್ಕೆ ತಳ್ಳಿ ಟ್ಯಾಂಕು ತುಂಬಿಸುತ್ತದೆ. ಆಮೇಲೆ ಮೋಟಾರು ನಿಲ್ಲುತ್ತದೆ. ಆದರೂ ನಲ್ಲಿ ತಿರುಗಿಸಿದರೆ ನೀರು ರಭಸವಾಗಿ ಬರುತ್ತದೆ. "ಸುಮ್ಮನೆ ನಿಂತ ನೀರಿನಲ್ಲಿ ಶಕ್ತಿ ಎಲ್ಲಿತ್ತು?" ಎಂದು ನೀವು ಕೇಳಬಹುದು. ಎತ್ತರದಲ್ಲಿತ್ತು. ಮೇಲಕ್ಕೆ ಏರಿದ ಯಾವ ವಸ್ತುವಿನಲ್ಲೂ ಬೀಳಲು ಕಾದಿರುವ ಶಕ್ತಿ ಇರುತ್ತದೆ. ಇದಕ್ಕೆ ಪ್ರಚ್ಛನ್ನ ಶಕ್ತಿ ಎನ್ನುತ್ತಾರೆ, ಅಂದರೆ ಅಡಗಿರುವ ಶಕ್ತಿ. ನೀರು ಪೈಪಿನಲ್ಲಿ ಇಳಿಯತೊಡಗಿದಾಗ ಅದೇ ಶಕ್ತಿ ಚಲನ ಶಕ್ತಿಯಾಗುತ್ತದೆ, ಅಂದರೆ ಓಡುವ ವಸ್ತುವಿನ ಶಕ್ತಿ. ಇವೆರಡನ್ನೂ ಸೇರಿಸಿ ಪುಸ್ತಕದಲ್ಲಿ ಯಾಂತ್ರಿಕ ಶಕ್ತಿ ಎಂದು ಬರೆದಿರುತ್ತಾರೆ.

ಶಬ್ದಕ್ಕೆ ಉದಾಹರಣೆ ಬೇಕಾದರೆ ಮಾದಪ್ಪನ ಗುಡ್ಡರು ಬಾರಿಸುವ ಕಂಸಾಳೆಗಿಂತ ಒಳ್ಳೆಯದು ಸಿಗುವುದಿಲ್ಲ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ಚಪ್ಪಟೆ ತಾಳ. ಒಂದಕ್ಕೊಂದು ತಾಗಿದ ಕೂಡಲೇ ತಾಳದ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ನಡುಗುತ್ತಿರುತ್ತದೆ. ಆ ನಡುಕವೇ ಗಾಳಿಯನ್ನು ನಡುಗಿಸಿ ಕಿವಿಗೆ ಬರುವುದು. ಈಗ ತಾಳವನ್ನು ಗಟ್ಟಿಯಾಗಿ ಹಿಡಿಯಿರಿ. ನಡುಕ ನಿಂತಿತು, ಸದ್ದೂ ನಿಂತಿತು. ಕೈ ಬೀಸಿದ ಚಲನ ಶಕ್ತಿಯ ಒಂದು ಪಾಲು ಶಬ್ದವಾಯಿತು. ಆ ಕೈಗೆ ಬೀಸುವ ಶಕ್ತಿ ಬಂದದ್ದು ಊಟದಿಂದ.

ಹಾಗಾಗಿ ಮತ್ತೆ ಮುದ್ದೆಗೇ ಬಂದೆವು. ರಾಗಿಯಲ್ಲಿರುವುದು ರಾಸಾಯನಿಕ ಶಕ್ತಿ. ರಾಗಿ ಪೈರು ಬಿಸಿಲಿನ ಬೆಳಕು, ನೀರು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಬಳಸಿ ಹಿಟ್ಟಿನ ಅಂಶ ತಯಾರಿಸುತ್ತದೆ. ಬಿಸಿಲಿನ ಶಕ್ತಿ ಕಾಳಿನೊಳಗೆ ಸೇರಿಕೊಳ್ಳುತ್ತದೆ. ನಾವು ತಿಂದಾಗ ಹೊಟ್ಟೆ ಅದನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಮಾಂಸಖಂಡಗಳು ಉಸಿರಿನ ಆಮ್ಲಜನಕದ ಜೊತೆ ಸೇರಿಸಿ ಬಳಸಿಕೊಳ್ಳುತ್ತವೆ. ಓಡಿದಾಗ ಅದರಲ್ಲಿ ಐದನೇ ಒಂದು ಪಾಲು, ಹೆಚ್ಚೆಂದರೆ ನಾಲ್ಕನೇ ಒಂದು ಪಾಲು ಓಟಕ್ಕೆ ಸಿಗುತ್ತದೆ. ಉಳಿದದ್ದು ಶಾಖವಾಗುತ್ತದೆ. ಓಡಿ ಬಂದವರು ಬೆವರುವುದು ಅದಕ್ಕೇ. ಒಲೆಯ ಸೌದೆ, ಟಾರ್ಚಿನ ಸೆಲ್ಲು, ಗ್ಯಾಸ್ ಸಿಲಿಂಡರು, ಟ್ರ್ಯಾಕ್ಟರಿನ ಡೀಸೆಲ್ ಎಲ್ಲದರಲ್ಲೂ ಇರುವುದು ರಾಸಾಯನಿಕ ಶಕ್ತಿಯೇ. ಡೀಸೆಲ್ ಕೂಡ ಕೋಟ್ಯಂತರ ವರ್ಷಗಳ ಹಿಂದಿನ ಬಿಸಿಲು. ಆಗ ಸಮುದ್ರದಲ್ಲಿದ್ದ ಸಣ್ಣ ಸಣ್ಣ ಜೀವಿಗಳು ಸತ್ತು ಹೂತುಹೋಗಿ ಅದಾಗಿದೆ.

ಡೀಸೆಲ್ ಎಂದಮೇಲೆ ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತಲೇಬೇಕು. ತಾಳಬೆಟ್ಟದಿಂದ ಬಸ್ಸು ಏದುಸಿರು ಬಿಡುತ್ತಾ ತಿರುವು ಏರುತ್ತದೆ. ಡೀಸೆಲ್ ಉರಿದು ಎಂಜಿನ್ ತಿರುಗುತ್ತದೆ, ಚಕ್ರ ಉರುಳುತ್ತದೆ, ಬಸ್ಸೂ ಜನವೂ ಎತ್ತರ ಸೇರಿ ಪ್ರಚ್ಛನ್ನ ಶಕ್ತಿ ಗಳಿಸುತ್ತಾರೆ. ಇಳಿಯುವಾಗ ಆ ಶಕ್ತಿ ಎಲ್ಲಿ ಹೋಗಬೇಕು? ಹಾಗೇ ಬಿಟ್ಟರೆ ವೇಗವಾಗುತ್ತದೆ, ಬಸ್ಸು ಕಮರಿಗೆ ಹೋಗುತ್ತದೆ. ಆದ್ದರಿಂದ ಬ್ರೇಕು ಅದನ್ನು ಉಜ್ಜಿ ಉಜ್ಜಿ ಶಾಖ ಮಾಡುತ್ತದೆ. ಕೆಳಗೆ ಬಂದಾಗ ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತದಲ್ಲ, ಅದು ಬೆಟ್ಟದ ಎತ್ತರವೇ ಶಾಖವಾದ ವಾಸನೆ. ಬುದ್ಧಿವಂತ ಚಾಲಕರು ಬ್ರೇಕೊಂದನ್ನೇ ನಂಬದೆ ಕಡಿಮೆ ಗೇರಿನಲ್ಲಿ ಇಳಿಸುತ್ತಾರೆ. ಆಗ ಎಂಜಿನ್ನೂ ಸ್ವಲ್ಪ ತಡೆಯುತ್ತದೆ, ಬ್ರೇಕು ಅಷ್ಟು ಕಾಯುವುದಿಲ್ಲ.

ಇನ್ನು ಕರೆಂಟು. ಅದರ ಕಥೆಗೆ ನಾವು ದೂರ ಹೋಗಬೇಕಿಲ್ಲ. ಕೊಳ್ಳೇಗಾಲ ದಾಟಿ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಶಿವನಸಮುದ್ರವಿದೆ. ಕಾವೇರಿ ಅಲ್ಲಿ ಎರಡಾಗಿ ಕವಲೊಡೆದು ಒಂದು ಕಡೆ ಗಗನಚುಕ್ಕಿ, ಕೊಳ್ಳೇಗಾಲದ ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್ ಅವರ ಯೋಜನೆಯಂತೆ ಅಲ್ಲಿ ವಿದ್ಯುತ್ ಕೇಂದ್ರ ಕಟ್ಟಿದರು. 1902ರ ಜೂನ್‌ನಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ದಾರಿ ಸುಮಾರು 147 ಕಿಲೋಮೀಟರ್. ಅಷ್ಟು ಉದ್ದದ ವಿದ್ಯುತ್ ತಂತಿ ಆಗ ಪ್ರಪಂಚದಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರ ಆಗಸ್ಟ್ 5ರಂದು. ಆಗ ನಮ್ಮ ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿರಲಿಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ಪಕ್ಕದಲ್ಲೇ ಧುಮುಕುವ ನೀರು ಮೊದಲು ದುಡಿದದ್ದು ದೂರದ ಗಣಿಗೆ. ಆ ಕೇಂದ್ರ ಈಗಲೂ ನಡೆಯುತ್ತಿದೆ, ಸಾಮರ್ಥ್ಯ 42 ಮೆಗಾವ್ಯಾಟ್.

ಅಲ್ಲಿ ನಡೆಯುವುದು ಇಷ್ಟು. ನದಿಯ ನೀರನ್ನು ಮೇಲಿನಿಂದಲೇ ಕಾಲುವೆಗೆ ತಿರುಗಿಸುತ್ತಾರೆ. ಅಲ್ಲಿಂದ ದಪ್ಪ ಪೈಪುಗಳಲ್ಲಿ ಕಡಿದಾಗಿ ಕೆಳಗೆ ಬಿಡುತ್ತಾರೆ. ನೀರು ರಭಸದಿಂದ ಬಂದು ಟರ್ಬೈನಿಗೆ, ಅಂದರೆ ಅಲಗುಗಳಿರುವ ಚಕ್ರಕ್ಕೆ ಬಡಿಯುತ್ತದೆ. ಚಕ್ರದ ಜೊತೆಗೇ ಜನರೇಟರ್ ತಿರುಗುತ್ತದೆ. ಜನರೇಟರಿನೊಳಗೆ ಇರುವುದು ಅಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿ. ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಎತ್ತರ ಚಲನೆಯಾಯಿತು, ಚಲನೆ ವಿದ್ಯುತ್ತಾಯಿತು. ನೀರೇನೂ ಖರ್ಚಾಗುವುದಿಲ್ಲ, ಮತ್ತೆ ಹೊಳೆಗೇ ಸೇರುತ್ತದೆ. ಖರ್ಚಾದದ್ದು ಅದರ ಎತ್ತರ ಮಾತ್ರ. ನೀರನ್ನು ಮತ್ತೆ ಕಾವೇರಿ ಹುಟ್ಟುವ ಕೊಡಗಿನ ಎತ್ತರಕ್ಕೆ ಏರಿಸುವವನು ಸೂರ್ಯ. ಬಿಸಿಲಿಗೆ ನೀರು ಆವಿಯಾಗಿ, ಮೋಡವಾಗಿ, ಮಳೆಯಾಗಬೇಕು.

ಹಾಗಾದರೆ ನಮ್ಮ ಮನೆಯ ಬಲ್ಬು ಶಿವನಸಮುದ್ರದ ಕರೆಂಟಿನಲ್ಲೇ ಉರಿಯುತ್ತದಾ? ಹಾಗೆ ಗುರುತು ಹಿಡಿಯಲು ಆಗುವುದಿಲ್ಲ. ರಾಯಚೂರಿನ ಕಲ್ಲಿದ್ದಲು, ಪಾವಗಡದ ಸೋಲಾರ್ ಪಾರ್ಕು, ಚಿತ್ರದುರ್ಗದ ಗಾಳಿಯಂತ್ರ, ಕೈಗಾದ ಅಣುಸ್ಥಾವರ ಎಲ್ಲದರ ಕರೆಂಟೂ ಗ್ರಿಡ್ಡಿಗೆ, ಅಂದರೆ ತಂತಿಗಳ ಒಂದೇ ಜಾಲಕ್ಕೆ ಸೇರಿ ಬರುತ್ತದೆ. ಇವುಗಳಲ್ಲಿ ಕೈಗಾ ಒಂದು ಮಾತ್ರ ಸೂರ್ಯನ ಹಂಗಿಲ್ಲದ್ದು. ಅಲ್ಲಿ ಯುರೇನಿಯಂ ಪರಮಾಣುವಿನ ಬೀಜ ಒಡೆದಾಗ ಶಾಖ ಬರುತ್ತದೆ. ಅದು ಬೈಜಿಕ ಶಕ್ತಿ.

ಶಕ್ತಿಯನ್ನು ಅಳೆಯುವುದು ಜೂಲ್‌ನಲ್ಲಿ. ಒಂದು ಲೀಟರ್ ನೀರನ್ನು ಒಂದು ಮೀಟರ್ ಮೇಲಕ್ಕೆ ಎತ್ತಲು ಹತ್ತಿರ ಹತ್ತಿರ ಹತ್ತು ಜೂಲ್ ಬೇಕು. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಂದರೆ ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಆಗುವ ಖರ್ಚು. ಮೂವತ್ತು ಕೆ.ಜಿ. ತೂಕದ ಹುಡುಗಿ ಮೂರು ಮೀಟರ್ ಎತ್ತರದ ತಾರಸಿಗೆ ಒಮ್ಮೆ ಹತ್ತಿದರೆ ಸುಮಾರು 880 ಜೂಲ್ ಕೆಲಸ. ಒಂದು ಯೂನಿಟ್ಟಿಗೆ ಸಮ ಮಾಡಲು ಅವಳು ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಹತ್ತಬೇಕು! ನೂರು ಮೀಟರ್ ಎತ್ತರದಿಂದ ಬೀಳುವ ನೀರಾದರೆ, ಏನೂ ನಷ್ಟವಾಗದಿದ್ದರೂ, ಒಂದು ಯೂನಿಟ್ಟಿಗೆ 3,700 ಲೀಟರ್ ಬೇಕು. ಅದೇ ಒಂದು ಯೂನಿಟ್ಟಿನ ಶಕ್ತಿ 270 ಗ್ರಾಂ ರಾಗಿಹಿಟ್ಟಿನಲ್ಲೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲೊರಿ, ಒಂದು ಯೂನಿಟ್ ಎಂದರೆ 860 ಕಿಲೋಕ್ಯಾಲೊರಿ, ಲೆಕ್ಕ ನೀವೇ ಹಾಕಿ. ತಲೆಬರಹದ ಪ್ರಶ್ನೆಗೆ ಉತ್ತರ ಇದೇ. ರೂಪ ಬೇರೆ, ಅಳತೆ ಒಂದೇ.

ಈಗ ದುಡ್ಡಿನ ಮಾತು. ಮನೆಬಳಕೆಯ ಕರೆಂಟಿಗೆ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ದರ. ಅಷ್ಟು ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ. ಹಳೆಯ 60 ವ್ಯಾಟಿನ ಬಲ್ಬು ಹದಿನೇಳು ಗಂಟೆಯೂ ಉರಿಯುವುದಿಲ್ಲ, ಯಾಕೆಂದರೆ ಅದಕ್ಕೆ ಹೋದ ಶಕ್ತಿಯಲ್ಲಿ ಬಹುಪಾಲು ಬೆಳಕಾಗದೆ ಶಾಖವಾಗುತ್ತದೆ. ನೀರು ಕಾಯಿಸುವ 1,500 ವ್ಯಾಟಿನ ಕಾಯಿಲ್ ನಲವತ್ತೇ ನಿಮಿಷದಲ್ಲಿ ಒಂದು ಯೂನಿಟ್ ನುಂಗುತ್ತದೆ. "ನಮಗೆ ಗೃಹಜ್ಯೋತಿ ಇದೆ, ಬಿಲ್ಲೇ ಬರಲ್ಲ" ಎನ್ನಬೇಡಿ. ಈ ಸರ್ಕಾರಿ ಯೋಜನೆಯಲ್ಲಿ 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತವೆಂದಿದ್ದರೂ, ಒಂದೊಂದು ಮನೆಗೂ ಅದರ ಹಿಂದಿನ ಬಳಕೆ ನೋಡಿ ಮಿತಿ ಇಟ್ಟಿದ್ದಾರೆ. ಮಿತಿ ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು. ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ಲಿನಲ್ಲಿ ಹಿಂದಿನ ರೀಡಿಂಗು, ಈಗಿನ ರೀಡಿಂಗು ಎರಡೂ ಇರುತ್ತವೆ. ಕಳೆಯುವ ಲೆಕ್ಕ ಕಲಿತ ಮಕ್ಕಳು ಪ್ರತಿ ತಿಂಗಳೂ ಅದನ್ನು ಮಾಡಿ ಅಪ್ಪನಿಗೆ ತೋರಿಸಬಹುದು.

ಸೌದೆ ಒಲೆ ಪುಕ್ಕಟೆ ಎನ್ನುವವರಿಗೂ ಒಂದು ಮಾತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖ ಹತ್ತು ಪಾಲಿದ್ದರೆ ಪಾತ್ರೆಗೆ ಸೇರುವುದು ಒಂದೋ ಎರಡೋ ಪಾಲು. ಉಳಿದದ್ದು ಗಾಳಿಗೆ, ಗೋಡೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು ಇದನ್ನು ನೋಡಿಯೇ ಮುಚ್ಚಿದ ಬಾಯಿಯ, ಹೊಗೆಕೊಳವೆಯ ಅಸ್ತ್ರ ಒಲೆ ರೂಪಿಸಿದರು. ಅದರಲ್ಲಿ ಸೌದೆ ಅರ್ಧಕ್ಕಿಂತ ಕಡಿಮೆ ಸಾಕು. ನಾಲ್ಕೈದು ದನ ಇದ್ದವರಿಗೆ ಗೋಬರ್ ಗ್ಯಾಸೂ ಆಗುತ್ತದೆ. 25 ಕೆ.ಜಿ. ಹಸಿ ಸಗಣಿಗೆ ಸುಮಾರು ಒಂದು ಘನ ಮೀಟರ್ ಅನಿಲ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ.

ತಾರಸಿಯ ಸೋಲಾರ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಒಂದು ಕಿಲೋವ್ಯಾಟಿನ ಪ್ಯಾನೆಲ್ ನಮ್ಮ ಕಡೆಯ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಬಿದ್ದ ಬಿಸಿಲಿನಲ್ಲಿ ಐದನೇ ಒಂದು ಪಾಲು ಮಾತ್ರ ವಿದ್ಯುತ್ತಾಗುವುದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಅರ್ಜಿಯನ್ನು ಯೋಜನೆಯ ಜಾಲತಾಣದಲ್ಲಿ ಹಾಕಬೇಕು, ಮಾಹಿತಿಗೆ ಹನೂರಿನ ಸೆಸ್ಕ್ ಕಚೇರಿಯಲ್ಲಿ ವಿಚಾರಿಸಿ. ನನ್ನ ಅಭಿಪ್ರಾಯ ಕೇಳಿದರೆ, ಗೃಹಜ್ಯೋತಿಯ ಮಿತಿಯೊಳಗೇ ಇರುವ ಸಣ್ಣ ಮನೆಗೆ ಆತುರವಿಲ್ಲ. ಬಿಲ್ಲು ಸಾವಿರ ದಾಟುವ ಮನೆಗೆ ಲಾಭ.

ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. ಒಡೆದ ಆಟಿಕೆ ಕಾರಿನಿಂದ ಪುಟ್ಟ ಮೋಟಾರನ್ನು ಬಿಚ್ಚಿ. ಒಂದೂವರೆ ವೋಲ್ಟಿನ ಸೆಲ್ಲಿಗೆ ಅದರ ಎರಡು ತಂತಿ ಮುಟ್ಟಿಸಿದರೆ ಗಿರ್ರೆಂದು ತಿರುಗುತ್ತದೆ. ರಾಸಾಯನಿಕ ಶಕ್ತಿ ವಿದ್ಯುತ್ತಾಗಿ, ವಿದ್ಯುತ್ತು ಚಲನೆಯಾಯಿತು. ಈಗ ಸೆಲ್ ತೆಗೆದು ಅದೇ ತಂತಿಗಳಿಗೆ ಕೆಂಪು ಎಲ್‌ಇಡಿ ಸಿಕ್ಕಿಸಿ. ಮೋಟಾರಿನ ಕಡ್ಡಿಗೆ ದಾರ ಸುತ್ತಿ, ಬುಗುರಿಯ ಚಾಟಿ ಎಳೆದಂತೆ ಜೋರಾಗಿ ಎಳೆಯಿರಿ. ಎಲ್‌ಇಡಿ ಮಿಣಕ್ಕೆನ್ನುತ್ತದೆ. ಮಿನುಗದಿದ್ದರೆ ಅದರ ಕಾಲು ಅದಲು ಬದಲು ಮಾಡಿ, ಇನ್ನೂ ಜೋರಾಗಿ ಎಳೆಯಿರಿ. ಶಿವನಸಮುದ್ರದಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ಕೈ ಮಾಡಿತು. ಎಲ್‌ಇಡಿ, ಸೆಲ್ಲು, ತಂತಿ ಕೊಳ್ಳೇಗಾಲದ ರೇಡಿಯೊ, ಟಿ.ವಿ. ರಿಪೇರಿ ಅಂಗಡಿಗಳಲ್ಲಿ ಐವತ್ತು ರೂಪಾಯಿಯೊಳಗೆ ಸಿಗುತ್ತವೆ. ಶಾಲೆಯಿಂದ ಪ್ರವಾಸ ಹೊರಡುವುದಾದರೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವ ಮಾದರಿಗಳಿವೆ. ಶಿವನಸಮುದ್ರದ ಜಲಪಾತ ಯಾರು ಬೇಕಾದರೂ ನೋಡಬಹುದು, ವಿದ್ಯುತ್ ಕೇಂದ್ರದ ಒಳಗೆ ಹೋಗಲು ಮಾತ್ರ ಅನುಮತಿ ಬೇಕು.

ಪ್ರಯೋಗವೆಲ್ಲ ಸೆಲ್ಲಿನಲ್ಲೇ ಇರಲಿ, ಗೋಡೆಯ ಪ್ಲಗ್ಗಿನಲ್ಲಿ ಬೇಡ. ಸೆಲ್ಲು ಒಂದೂವರೆ ವೋಲ್ಟ್, ಪ್ಲಗ್ಗು 230 ವೋಲ್ಟ್. ಆನೆ ತಡೆಯಲು ಹೊಲಕ್ಕೆ ಹಾಕಿದ ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಜನ ಸಾಯುವುದಿಲ್ಲವಲ್ಲ ಎಂದು ಕೇಳುತ್ತೀರಿ. ಸರಿಯಾದ ಯಂತ್ರ ಹಾಕಿದ ಬೇಲಿಯಲ್ಲಿ ಕರೆಂಟು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬಂದು ಹೋಗುತ್ತದೆ. ಶಕ್ತಿಯ ಪ್ರಮಾಣ ಕಡಿಮೆ, ಆನೆಯಾಗಲಿ ಮನುಷ್ಯನಾಗಲಿ ಬೆಚ್ಚಿ ಹಿಂದೆ ಸರಿಯುತ್ತಾರೆ. ಹಾಗೆಂದು ಬೇಕೆಂದೇ ಮುಟ್ಟುವ ಆಟ ಬೇಡ. ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ಕೊಟ್ಟ ಕರೆಂಟಾದರೆ ಎಡೆಬಿಡದೆ ಮೈಯಲ್ಲಿ ಹರಿದು ಆನೆಯನ್ನೂ ಕೊಲ್ಲುತ್ತದೆ, ದನ ಕಾಯಲು ಹೋದ ಹುಡುಗನನ್ನೂ ಕೊಲ್ಲುತ್ತದೆ. ಅದು ಅಪರಾಧ. ಗಾಳಿ ಮಳೆಗೆ ತಂತಿ ಹರಿದು ಬಿದ್ದಿರುವುದು ಕಂಡರೆ ಹತ್ತಿರ ಹೋಗಬೇಡಿ, ಕೋಲಿನಿಂದಲೂ ಸರಿಸಬೇಡಿ. ದೂರದಲ್ಲೇ ನಿಂತು ಬೇರೆಯವರನ್ನು ತಡೆಯಿರಿ, ದೊಡ್ಡವರಿಗೆ ಹೇಳಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿಸಿ.